ತಾತಗುಣಿಯ ಮನೆಗೆ ದಾರಿ ಯಾರಿಗೆ?

ಮನೆಯನ್ನು ಕಟ್ಟುವುದು ಅಲ್ಲಿ ಬಾಳುವ ನಾಲ್ಕು ಜನಕ್ಕೆ. ಸಂಗ್ರಹಾಲಯವನ್ನು ತೆರೆಯುವುದು ಬರುವ ಸಾವಿರ ಜನಕ್ಕೆ. ಬಾಗಿಲಿನ ಅಗಲ, ಮೆಟ್ಟಿಲಿನ ಎತ್ತರ, ಮೊಗಸಾಲೆಯ ಉದ್ದ, ಬಚ್ಚಲಿನ ಜಾಗ ಇವೆಲ್ಲ ಮನೆಯವರ ಅನುಕೂಲವನ್ನು ನೋಡಿಕೊಂಡು ಆದ ಏರ್ಪಾಡು. ಆ ಮನೆಯವರು ಕಾಲವಾದ ಮೇಲೆ, ಅವರ ಹೆಸರಿನ ಮೇಲಣ ಗೌರವದಿಂದ, ಅದೇ ಮನೆಗೆ ನಾವು ಊರನ್ನೆಲ್ಲ ಕರೆಯುತ್ತೇವೆ. ಬಂದವರು ಎಲ್ಲಿ ಕುಳಿತು ದಣಿವಾರಿಸಿಕೊಳ್ಳಬೇಕು, ಎಲ್ಲಿ ನೀರು ಕುಡಿಯಬೇಕು, ಮೆಟ್ಟಿಲು ಹತ್ತಲಾರದ ಮುದುಕಿ ಏನು ಮಾಡಬೇಕು ಎಂಬ ವಿಚಾರ ನಮಗೆ ಹೊಳೆಯುವುದು ಸಾಮಾನ್ಯವಾಗಿ ಉದ್ಘಾಟನೆಯ ಹಿಂದಿನ ದಿನ. ಸಣ್ಣದೆಂದು ಕಾಣುವ ಈ ವಿಚಾರವೇ ಮೊದಲು ಯೋಚಿಸತಕ್ಕದ್ದೆಂದು ಹೇಳುವುದು ಈ ಲೇಖನದ ಉದ್ದೇಶ. ಮಾತಿಗೆ ಆಧಾರವಾಗಿ ಕನಕಪುರದ ದಾರಿಯಲ್ಲಿರುವ ತಾತಗುಣಿಯ ಎಸ್ಟೇಟನ್ನು ತೆಗೆದುಕೊಂಡಿದ್ದೇನೆ.

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವವರು ತಲಘಟ್ಟಪುರ ದಾಟಿ ಕಗ್ಗಲೀಪುರವನ್ನು ಮುಟ್ಟುವ ಮೊದಲೇ ತಾತಗುಣಿಯನ್ನು ಹಾದುಹೋಗುತ್ತಾರೆ. ಸುಮಾರು ೪೭೦ ಎಕರೆಯ ಆ ನೆಲದಲ್ಲಿ ಸ್ವೆತೊಸ್ಲಾವ್ ರೋರಿಕ್ ಮತ್ತು ದೇವಿಕಾ ರಾಣಿ ದಂಪತಿಗಳು ದಶಕಗಳ ಕಾಲ ಬಾಳಿದರು. ರೋರಿಕ್ ೧೯೦೪ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದವರು. ಯೌವನದಲ್ಲಿ ಅಮೆರಿಕದಲ್ಲಿ ವಾಸ್ತುಶಿಲ್ಪವನ್ನು ಓದಿ, ಕೊನೆಗೆ ತಂದೆ ನಿಕೊಲಾಯ್ ರೋರಿಕರಂತೆಯೇ ಚಿತ್ರಕಾರರಾದವರು. ದೇವಿಕಾ ರಾಣಿಯವರ ಹೆಸರನ್ನು ಪರಿಚಯಿಸುವ ಅಗತ್ಯವಿಲ್ಲ. ಹಿಮಾಂಶು ರಾಯ್ ಅವರೊಡನೆ ೧೯೩೪ರಲ್ಲಿ ಬಾಂಬೆ ಟಾಕೀಸನ್ನು ಕಟ್ಟಿದ ಆಕೆ, ‘ಅಛೂತ್ ಕನ್ಯಾ’ದ ನಾಯಿಕೆ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಎಲ್ಲರಿಗಿಂತ ಮೊದಲು ಪಡೆದವರೂ ಅವರೇ. ಇವರಿಬ್ಬರ ವಿವಾಹ ನಡೆದದ್ದು ೧೯೪೫ರಲ್ಲಿ. ಕೆಲಕಾಲ ಕುಲು ಕಣಿವೆಯಲ್ಲಿದ್ದು, ಬಳಿಕ ಬೆಂಗಳೂರಿನ ಸೀಮೆಗೆ ಬಂದು ಇಲ್ಲಿಯವರೇ ಆಗಿಬಿಟ್ಟರು. ಮೆಕ್ಸಿಕೋ ದೇಶದ ಲಿನಾಲೋ ಮರಗಳನ್ನು ತಾತಗುಣಿಯಲ್ಲಿ ಬೆಳೆಸಿದರು. ಅದರ ಕಾಯಿಯಿಂದ ತೆಗೆಯುವ ಎಣ್ಣೆ ಸುಗಂಧದ್ರವ್ಯಕ್ಕೆ ಒದಗುತ್ತದೆ. ರೋರಿಕ್ ೧೯೯೩ರ ಜನವರಿಯಲ್ಲಿಯೂ ದೇವಿಕಾ ರಾಣಿ ೧೯೯೪ರ ಮಾರ್ಚಿಯಲ್ಲಿಯೂ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ.

ಮುಂದಿನ ಕಥೆ ನ್ಯಾಯಾಲಯಗಳದು. ಎಸ್ಟೇಟು ಕೈತಪ್ಪಿ ಹೋಗಬಾರದೆಂದು ರಾಜ್ಯವು ಅದನ್ನು ವಶಪಡಿಸಿಕೊಳ್ಳಲು ೧೯೯೬ರಲ್ಲಿ ಒಂದು ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಅಲ್ಲಿ ಚಿತ್ರಶಾಲೆಯೂ ಸಂಗ್ರಹಾಲಯವೂ ಏಳಬೇಕೆಂಬುದು ಅದರ ಉದ್ದೇಶಗಳಲ್ಲೊಂದು. ಕಾಯಿದೆಯನ್ನು ಪ್ರಶ್ನಿಸಿದ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದವರೆಗೂ ಹೋಯಿತು. ೨೦೧೧ರ ಆಗಸ್ಟ್ ೯ರಂದು ಐವರು ನ್ಯಾಯಮೂರ್ತಿಗಳ ಪೀಠ ಕಾಯಿದೆಯನ್ನು ಎತ್ತಿಹಿಡಿಯಿತು. ಖಾಸಗಿ ಆಸ್ತಿಯನ್ನು ಸರ್ಕಾರ ತೆಗೆದುಕೊಳ್ಳುವಾಗ ಸಾರ್ವಜನಿಕ ಉದ್ದೇಶವೊಂದು ಇರಲೇಬೇಕೆಂದು ಅದೇ ತೀರ್ಪು ಹೇಳಿತು. ಇಂದು ಕಾನೂನಿನ ವಿದ್ಯಾರ್ಥಿಗಳು ಆ ತೀರ್ಪನ್ನು ಓದುತ್ತಾರೆ. ತಾತಗುಣಿಯನ್ನು ನೋಡದವರಿಗೂ ತಾತಗುಣಿಯ ವ್ಯಾಜ್ಯ ಗೊತ್ತು.

ಸಾರ್ವಜನಿಕ ಉದ್ದೇಶ ಎಂಬ ಈ ಎರಡು ಪದಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಎಸ್ಟೇಟನ್ನು ಸರ್ಕಾರ ತೆಗೆದುಕೊಂಡದ್ದು ‘ಸಾರ್ವಜನಿಕ’ನ ಹೆಸರಿನಲ್ಲಿ. ಆ ಸಾರ್ವಜನಿಕನು ಯಾರು? ಕಾರಿನಲ್ಲಿ ಬರುವ ಕಲಾರಸಿಕನೇ, ವಿದೇಶದ ಅತಿಥಿಯೇ? ಹಾರೋಹಳ್ಳಿಯ ಶಾಲೆಯ ಹುಡುಗಿ, ಸಾತನೂರಿನ ರೇಷ್ಮೆ ಬೆಳೆಗಾರ, ಊರುಗೋಲು ಹಿಡಿದ ನಿವೃತ್ತ ಉಪಾಧ್ಯಾಯ, ಕಣ್ಣಿಲ್ಲದ ಸಂಗೀತ ವಿದ್ಯಾರ್ಥಿ ಇವರೂ ಆ ಪದದಲ್ಲಿ ಅಡಕವಾಗಿದ್ದಾರೆಯೇ? ಅಡಕವಾಗಿದ್ದರೆ, ಅವರು ಒಳಗೆ ಬಂದು ನೋಡಿ ಹೋಗುವ ದಿನದವರೆಗೂ ಕಾಯಿದೆಯ ಕೆಲಸ ಅರ್ಧ ಮಾತ್ರ ಆದಂತೆ. ತೀರ್ಪು ಬಂದು ಹತ್ತು ವರ್ಷ ತುಂಬುವವರೆಗೂ ಅವರಿಗಾಗಿ ಸಂಗ್ರಹಾಲಯದ ಬಾಗಿಲು ತೆರೆಯಲಿಲ್ಲ. ನಡುವೆ ೨೦೧೯ರಲ್ಲಿ ಅಲ್ಲಿ ಚಿತ್ರನಗರಿಯನ್ನು ಕಟ್ಟುವ ಮಾತೂ ಸರ್ಕಾರದ ಮಟ್ಟದಲ್ಲಿ ಕೇಳಿಬಂದಿತು. ಕಾಡಿನ ಅಂಚಿನಲ್ಲಿ ಅದು ಸಲ್ಲದೆಂದು ಪರಿಸರವಾದಿಗಳು ಆಕ್ಷೇಪಿಸಿದರು. ಯೋಜನೆಗಳಿಗೆ ಬರವಿಲ್ಲ. ಬರುವ ಮನುಷ್ಯನನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ಯೋಜನೆಗೆ ಬರವಿದೆ.

ಈ ವಿಚಾರದಲ್ಲಿ ನಮ್ಮ ನಡುವೆ ಎರಡು ಪಂಗಡಗಳುಂಟು. ಮೊದಲನೆಯವರು ಮನೆಯನ್ನು ದೇವರ ಗುಡಿಯಂತೆ ಕಾಣುವವರು. ಒಂದು ಕಲ್ಲನ್ನೂ ಕದಲಿಸಬಾರದು, ಒಂದು ಹಿಡಿಗಂಬಿಯನ್ನೂ ನಿಲ್ಲಿಸಬಾರದು, ಶೌಚಾಲಯದ ಮಾತನ್ನಂತೂ ಎತ್ತಲೇಬಾರದು ಎಂಬುದು ಅವರ ನಿಲುವು. ಎರಡನೆಯವರು ಮನೆಯನ್ನು ಜಾತ್ರೆಯ ಬಯಲಿನಂತೆ ಕಾಣುವವರು. ನೂರು ಬಸ್ಸು ನಿಲ್ಲುವ ಜಾಗ, ತಿಂಡಿಯ ಅಂಗಡಿಗಳ ಸಾಲು, ಬಣ್ಣಬಣ್ಣದ ದೀಪ, ಕಾರಂಜಿ ಇವಿಲ್ಲದೆ ಜನ ಬರುವುದಿಲ್ಲವೆಂಬುದು ಅವರ ಖಚಿತ ಮತ. ಮೇಲುನೋಟಕ್ಕೆ ಇವರು ಕಡುವೈರಿಗಳು. ಆದರೆ ಇಬ್ಬರ ತರ್ಕಕ್ಕೂ ಬುನಾದಿ ಒಂದೇ: ಬಂದವರಿಗೆ ಏನೇನು ಬೇಕೋ ಅದೆಲ್ಲವೂ ಮನೆಯೊಳಗೆ ಅಥವಾ ಅದರ ಅಂಗಳದಲ್ಲಿಯೇ ಆಗಬೇಕೆಂಬ ಭಾವನೆ. ಅದನ್ನು ಒಪ್ಪಿಕೊಂಡವನಿಗೆ ಉಳಿಯುವ ದಾರಿ ಎರಡೇ. ಮನೆಯನ್ನು ಕೆಡಿಸಬೇಕು, ಇಲ್ಲವೇ ಜನರನ್ನು ಹೊರಗಿಡಬೇಕು.

ಈ ತೊಡಕು ಹಳೆಯ ಅರಮನೆಗಿಂತ ಹೊಸ ಕಾಲದ ಮನೆಗೆ ಹೆಚ್ಚು. ಅರಮನೆಯ ವಿಸ್ತಾರದಲ್ಲಿ ಹತ್ತು ಕೋಣೆಗಳನ್ನು ಕಚೇರಿಗೂ ಟಿಕೆಟ್ಟಿಗೂ ಬಿಟ್ಟುಕೊಟ್ಟರೆ ಯಾರಿಗೂ ತಿಳಿಯುವುದಿಲ್ಲ. ಇಪ್ಪತ್ತನೆಯ ಶತಮಾನದ ಮನೆ ಹಾಗಲ್ಲ. ಅದರ ಸೊಗಸು ಸರಳವಾದ ಗೋಡೆಯಲ್ಲಿ, ಬೆಳಕು ಬರುವ ಕಿಟಕಿಯಲ್ಲಿ, ಅಳತೆಯ ಹದದಲ್ಲಿ. ಅಲಂಕಾರವಿಲ್ಲದ ಗೋಡೆಯ ಮೇಲೆ ಒಂದು ನಾಮಫಲಕವನ್ನು ಹೊಡೆದರೂ ಕಣ್ಣಿಗೆ ಚುಚ್ಚುತ್ತದೆ. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರು ಕಟ್ಟಿಸಿದ ಮನೆ ಇದಕ್ಕೆ ನಿದರ್ಶನ. ಎರಡಂತಸ್ತಿನ ಆ ಮನೆಯ ಗುರುತೆಂದರೆ ಅರ್ಧವೃತ್ತಾಕಾರವಾಗಿ ಮುಂಚಾಚಿದ, ಸುತ್ತಲೂ ಕಿಟಕಿಗಳುಳ್ಳ ಭಾಗ. ೨೦೧೧ರಲ್ಲಿ ಆ ಮನೆಯನ್ನು ಕೆಡವಲು ತೊಡಗಿದಾಗ ಸಾಹಿತ್ಯಪ್ರಿಯರು ಗದ್ದಲವೆಬ್ಬಿಸಿದರು. ಕೆಡಹುವುದು ನಿಂತು, ಮಹಾನಗರಪಾಲಿಕೆ ಮನೆಯನ್ನು ಪಡೆದು ದುರಸ್ತಿ ಮಾಡಿಸಿ, ೨೦೧೬ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಉಳಿಸಿದ್ದು ದೊಡ್ಡ ಕೆಲಸವೇ. ಆದರೆ ಮನೆ ಉಳಿದ ಕೂಡಲೆ ಎರಡನೆಯ ಪ್ರಶ್ನೆ ಹುಟ್ಟುತ್ತದೆ. ಬೀದಿಯ ಬದಿಯ ಸಣ್ಣ ನಿವೇಶನದಲ್ಲಿ ಬಂದವರ ವಾಹನ ಎಲ್ಲಿ ನಿಲ್ಲಬೇಕು? ಮೇಲಂತಸ್ತಿಗೆ ಹತ್ತಲಾರದವನಿಗೆ ಮೇಲಂತಸ್ತನ್ನು ತೋರಿಸುವ ಬಗೆ ಯಾವುದು? ಸಂಸಾರವೊಂದರ ವಾಸದ ಮನೆಯನ್ನು ತೆರೆದಲ್ಲೆಲ್ಲ ಈ ಪ್ರಶ್ನೆ ಹೊಸದಾಗಿ ಎದುರಾಗುತ್ತದೆ.

ಹೊರದೇಶಗಳಲ್ಲಿ ಇದಕ್ಕೆ ಕಂಡುಕೊಂಡ ಉತ್ತರಗಳನ್ನು ನೋಡುವುದು ಉಚಿತ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಜಲಪಾತದ ಮೇಲೆಯೇ ಕಟ್ಟಿದ ‘ಫಾಲಿಂಗ್‌ವಾಟರ್’ ಎಂಬ ಮನೆ ಜಗತ್ಪ್ರಸಿದ್ಧ. ೧೯೬೪ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಜನಸಂದಣಿ ಬೆಳೆದಾಗ ಮನೆಗೆ ಏನನ್ನೂ ಅಂಟಿಸಲಿಲ್ಲ. ದೂರದಲ್ಲಿ ಮರಗಳ ನಡುವೆ ಬೇರೆಯೇ ಒಂದು ಮಂಟಪವನ್ನು ೧೯೮೧ರಲ್ಲಿ ಕಟ್ಟಿದರು. ಟಿಕೆಟ್ಟು, ಉಪಾಹಾರ, ಶೌಚಾಲಯ ಎಲ್ಲ ಅಲ್ಲಿ. ಅಲ್ಲಿಂದ ಕಾಡಿನ ಹಾದಿಯಲ್ಲಿ ಸಣ್ಣ ಸಣ್ಣ ತಂಡಗಳಾಗಿ ಮನೆಗೆ. ಇನ್ನೊಂದು ಉದಾಹರಣೆ ಇದಕ್ಕಿಂತ ಸ್ವಾರಸ್ಯದ್ದು. ಕನೆಟಿಕಟ್ ಸಂಸ್ಥಾನದ ನ್ಯೂ ಕೇನನ್ ಊರಿನಲ್ಲಿ ಫಿಲಿಪ್ ಜಾನ್ಸನ್ ೧೯೪೯ರಲ್ಲಿ ಗಾಜಿನ ಗೋಡೆಗಳ ಮನೆಯೊಂದನ್ನು ಕಟ್ಟಿಕೊಂಡರು. ಅವರ ನಿಧನದ ಬಳಿಕ ೨೦೦೭ರಲ್ಲಿ ಅದನ್ನು ಜನರಿಗೆ ತೆರೆಯುವಾಗ ಸ್ವಾಗತ ಕೇಂದ್ರವನ್ನು ಮನೆಯ ತೋಟದಲ್ಲಿ ಕಟ್ಟಲೇ ಇಲ್ಲ. ಊರೊಳಗೆ, ರೈಲು ನಿಲ್ದಾಣದ ಎದುರಿಗೆ ಇಟ್ಟರು. ಬಂದವರನ್ನು ಅಲ್ಲಿಂದ ಸಣ್ಣ ವಾಹನದಲ್ಲಿ ಕರೆದೊಯ್ಯುವ ಏರ್ಪಾಡು ಮಾಡಿದರು. ತೋಟದ ಹುಲ್ಲು ಉಳಿಯಿತು. ಕಾರಿಲ್ಲದವನೂ ರೈಲಿನಲ್ಲಿ ಬಂದು ಮನೆಯನ್ನು ನೋಡುವಂತಾಯಿತು.

ತಾತಗುಣಿಗೆ ಈ ಎರಡನೆಯ ಉಪಾಯ ಹೇಳಿಮಾಡಿಸಿದಂತಿದೆ. ನಮ್ಮ ಮೆಟ್ರೋ ರೈಲು ೨೦೨೧ರ ಜನವರಿಯಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೂ ಬಂದಿದೆ. ಅಲ್ಲಿಂದ ತಾತಗುಣಿ ಕೆಲವೇ ಕಿಲೋಮೀಟರು. ನಿಲ್ದಾಣದ ಬಳಿಯಲ್ಲಿಯೇ ಸ್ವಾಗತ ಕೇಂದ್ರವೊಂದನ್ನು ಮಾಡಿ, ಗಾಲಿಕುರ್ಚಿ ಹತ್ತುವಂತೆ ತಗ್ಗಾದ ನೆಲದ ಸಣ್ಣ ಬಸ್ಸುಗಳನ್ನು ಓಡಿಸಿದರೆ, ಬೆಂಗಳೂರಿನಿಂದ ಬರುವ ಕಾರುಗಳಲ್ಲಿ ಬಹುಪಾಲನ್ನು ಎಸ್ಟೇಟಿನಿಂದ ದೂರವಿಡಬಹುದು. ಕನಕಪುರದ ಕಡೆಯಿಂದ ಬರುವವರಿಗಾದರೋ ಬಸ್ಸೇ ಗತಿ. ಅವರು ಇಳಿಯುವುದು ಹೆದ್ದಾರಿಯ ಬದಿಯಲ್ಲಿ. ಅಗಲವಾದ ಹೆದ್ದಾರಿಯನ್ನು ದಾಟುವುದು ಗಟ್ಟಿಮುಟ್ಟಾದವನಿಗೂ ಪ್ರಾಣಸಂಕಟ; ಮಕ್ಕಳ ಸಾಲನ್ನು ಕರೆತರುವ ಉಪಾಧ್ಯಾಯಿನಿಯ ಪಾಡನ್ನು ಹೇಳುವುದೇ ಬೇಡ. ಆದುದರಿಂದ ಸಂಗ್ರಹಾಲಯದ ವಿನ್ಯಾಸ ಮನೆಯ ಬಾಗಿಲಿನಲ್ಲಿ ಆರಂಭವಾಗುವುದಲ್ಲ, ಬಸ್ಸಿನ ತಂಗುದಾಣದಲ್ಲಿ ಆರಂಭವಾಗತಕ್ಕದ್ದು. ನೆರಳಿರುವ ತಂಗುದಾಣ, ಕಾಲ್ನಡಿಗೆಯವರಿಗೆ ದಾಟುಗೆರೆಯೂ ಸಂಕೇತ ದೀಪವೂ, ಅಲ್ಲಿಂದ ಗೇಟಿನವರೆಗೆ ಏರುತಗ್ಗಿಲ್ಲದ ಕಾಲುದಾರಿ ಇವು ಚಿತ್ರಗಳನ್ನು ತೂಗುಹಾಕುವ ಮೊದಲು ಆಗಬೇಕಾದ ಕೆಲಸ.

ತಾತಗುಣಿಯ ನೆಲಕ್ಕೆ ಇನ್ನೊಂದು ವಿಶೇಷವಿದೆ. ಬನ್ನೇರುಘಟ್ಟದ ಕಾಡು ಅದಕ್ಕೆ ಮಗ್ಗುಲು. ಆನೆಗಳು ಅತ್ತ ಸುಳಿಯುತ್ತವೆ. ಸೌಲಭ್ಯವೆಂದರೆ ಕಾಂಕ್ರೀಟು ಎಂದು ತಿಳಿದವರು ಇದನ್ನು ಗಮನಿಸಬೇಕು. ಎತ್ತರದ ಗೋಡೆ, ರಾತ್ರಿಯಿಡೀ ಉರಿಯುವ ದೀಪ, ತಿಂಡಿಯ ಎಂಜಲು ಇವು ಆನೆಗೂ ಅಪಾಯ, ಮನುಷ್ಯನಿಗೂ ಅಪಾಯ. ಬೆಳಿಗ್ಗೆ ತೆರೆದು ಸಂಜೆಗೆ ಮೊದಲು ಮುಚ್ಚುವ ಸಂಗ್ರಹಾಲಯ, ನೆಲಮಟ್ಟದಲ್ಲಿ ಮಾತ್ರ ಬೆಳಗುವ ದೀಪ, ಅಡುಗೆಯನ್ನು ಗೇಟಿನ ಬಳಿಗೇ ನಿಲ್ಲಿಸುವ ಕಟ್ಟುಪಾಡು ಇಷ್ಟಿದ್ದರೆ ಸಾಕು. ಲಿನಾಲೋ ಮರಗಳ ತೋಪು ದಂಪತಿಗಳ ಬಾಳಿನ ಭಾಗ. ಚಿತ್ರಗಳಷ್ಟೇ ಮುಖ್ಯವಾದ ಪ್ರದರ್ಶನವಸ್ತು. ಅದನ್ನು ಕಡಿದು ವಾಹನ ನಿಲ್ಲಿಸುವ ಜಾಗ ಮಾಡುವುದೆಂದರೆ ಪುಸ್ತಕವನ್ನು ಹರಿದು ಕಪಾಟು ಕಟ್ಟಿದಂತೆ.

ಇನ್ನು ಮನೆಯೊಳಗಿನ ಮಾತು. ಗಾಲಿಕುರ್ಚಿಯ ಇಳಿಜಾರಿಗೆ ನಮ್ಮ ದೇಶದಲ್ಲಿಯೂ ಒಪ್ಪಿತವಾದ ಲೆಕ್ಕವೊಂದಿದೆ: ಒಂದು ಅಡಿ ಏರುವುದಕ್ಕೆ ಹನ್ನೆರಡು ಅಡಿ ಉದ್ದ. ಒಂದೂವರೆ ಅಡಿಯ ಜಗಲಿಗೆ ಹದಿನೆಂಟು ಅಡಿ. ಮೂರು ಅಡಿಯ ಜಗಲಿಗೆ ಮೂವತ್ತಾರು ಅಡಿ, ನಡುವೆ ನಿಂತು ಸುಧಾರಿಸಿಕೊಳ್ಳಲು ಮಟ್ಟಸವಾದ ಜಾಗ. ಅನೇಕ ಸರ್ಕಾರಿ ಕಟ್ಟಡಗಳಲ್ಲಿ ಮೆಟ್ಟಿಲಿನ ಪಕ್ಕಕ್ಕೆ ಒರಗಿಸಿದಂತಿರುವ ಕಡಿದಾದ ಇಳಿಜಾರುಗಳನ್ನು ನೋಡಿದವರಿಗೆ, ಅವನ್ನು ಕಟ್ಟಿದವನು ಗಾಲಿಕುರ್ಚಿಯನ್ನು ಒಮ್ಮೆಯೂ ತಳ್ಳಿ ನೋಡಿದವನಲ್ಲವೆಂಬುದು ಕೂಡಲೆ ತಿಳಿಯುತ್ತದೆ. ತಾತಗುಣಿಯಲ್ಲಿ ಜಾಗಕ್ಕೆ ಕೊರತೆಯಿಲ್ಲ. ಉದ್ದವಾದ ಇಳಿಜಾರನ್ನು ತೋಟದ ಹಾದಿಯಂತೆಯೇ ಬಳಸಿ ತಂದು, ಪಕ್ಕದ ಬಾಗಿಲಿಗೆ ಸೇರಿಸಬಹುದು. ಕನಕಪುರದ ಸೀಮೆಯ ಕಲ್ಲು ದೇಶಾಂತರಕ್ಕೆ ಹೋಗುತ್ತಿರುವಾಗ ಈ ಹಾದಿಗೆ ಹೊಳಪಿನ ಬಿಲ್ಲೆಗಳೇಕೆ? ಉಳಿಯ ಗುರುತುಳಿದ ಒರಟು ಚಪ್ಪಡಿಯನ್ನು ಹಾಸಿದರೆ ಮಳೆಯಲ್ಲಿಯೂ ಕಾಲು ಜಾರದು, ಚಕ್ರವೂ ಜಾರದು. ಹಾಸುವಾಗ ಸಿಮೆಂಟು ಬಳಿದು ಮನೆಯ ಗೋಡೆಗೆ ಬೆಸೆಯಬಾರದು. ನಾಳೆ ಇನ್ನೂ ಒಳ್ಳೆಯ ಉಪಾಯ ಹೊಳೆದರೆ ಗೋಡೆಗೆ ಗಾಯವಾಗದಂತೆ ತೆಗೆಯುವಂತಿರಬೇಕು. ಮನೆಯೊಳಗೆ ಮಾಡುವ ಪ್ರತಿಯೊಂದು ಬದಲಾವಣೆಗೂ ಈ ನಿಯಮ ಸಲ್ಲುತ್ತದೆ.

ಕೈಗೆ ಎಟುಕುವ ಇನ್ನೊಂದು ಸೌಭಾಗ್ಯ ಚನ್ನಪಟ್ಟಣದ್ದು. ಕಣ್ಣು ಕಾಣದವರಿಗೆ ಮನೆಯ ಆಕಾರ ತಿಳಿಯಬೇಕಾದರೆ ಕೈಯಿಂದ ಮುಟ್ಟಿ ನೋಡುವ ಮಾದರಿ ಬೇಕು. ಆಲೆಮರವನ್ನು ಕಡೆದು ಅರಗಿನ ಬಣ್ಣ ಹಾಕುವ ಕುಶಲಿಗಳು ಇದೇ ಸೀಮೆಯಲ್ಲಿ ತಲೆಮಾರುಗಳಿಂದ ಇದ್ದಾರೆ. ಮನೆಯ ಮಾದರಿ, ಲಿನಾಲೋ ಕಾಯಿಯ ಮಾದರಿ, ರೋರಿಕರ ಬೆಟ್ಟಗಳ ಏರಿಳಿತವನ್ನು ಉಬ್ಬಾಗಿ ಕೆತ್ತಿದ ಹಲಗೆ ಇವನ್ನು ಅವರಿಂದ ಮಾಡಿಸಿದರೆ ಕಣ್ಣಿಲ್ಲದವನಿಗೂ ಚಿತ್ರಶಾಲೆಯಲ್ಲಿ ಪಾಲು ದೊರೆಯುತ್ತದೆ. ಮಕ್ಕಳಂತೂ ಅವನ್ನು ಬಿಟ್ಟು ಕದಲುವುದಿಲ್ಲ. ಬರಹ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಕುಳಿತವನ ಕಣ್ಣಿನ ಮಟ್ಟದಲ್ಲಿ ಇರಲಿ. ಜೊತೆಗೆ ಕನ್ನಡ ಬ್ರೈಲ್ ಇರಲಿ. ತಾತಗುಣಿಯ ಸಂಗ್ರಹಾಲಯ ಮಾತನಾಡುವುದು ಇಂಗ್ಲಿಷಿನಲ್ಲಿ ಮಾತ್ರವಾದರೆ, ಹಾರೋಹಳ್ಳಿಯ ಹುಡುಗಿಗೆ ಅದು ಮೆಟ್ಟಿಲಿಗಿಂತ ಎತ್ತರದ ಅಡ್ಡಿ.

ಶೌಚಾಲಯದ ಮಾತನ್ನು ಸಾಹಿತ್ಯದ ಪುಟದಲ್ಲಿ ಎತ್ತಬಹುದೇ ಎಂದು ಮೂಗು ಮುರಿಯುವವರಿರಬಹುದು. ಎತ್ತಲೇಬೇಕು. ಒಂದು ಶಾಲೆಯ ಪ್ರವಾಸ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದನ್ನು ಉಪಾಧ್ಯಾಯಿನಿಯರು ನಿರ್ಧರಿಸುವುದು ಅಲ್ಲಿ ಹೆಣ್ಣುಮಕ್ಕಳಿಗೆ ಚೊಕ್ಕಟವಾದ ಶೌಚಾಲಯ ಇದೆಯೋ ಇಲ್ಲವೋ ಎಂಬುದರ ಮೇಲೆ. ಇಲ್ಲವೆಂದಾದರೆ ಮಕ್ಕಳು ಬೆಳಗಿನಿಂದ ನೀರು ಕುಡಿಯದೆ ಬರುತ್ತಾರೆ. ಬಾಯಾರಿದ ಮಗುವಿಗೆ ಯಾವ ವರ್ಣಚಿತ್ರವೂ ರುಚಿಸದು. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಜನ ಪ್ರೀತಿಯಿಂದ ಹೋಗುತ್ತಿದ್ದುದಕ್ಕೆ ಅಲ್ಲಿಯ ಸಂಗ್ರಹ ಮುಖ್ಯ ಕಾರಣ, ನಿಜ. ೧೫ ಎಕರೆಯ ಆ ಬಯಲಿನಲ್ಲಿ ನೆರಳಿದೆ, ಮಗ್ಗುಲಲ್ಲಿಯೇ ಊಟವಿದೆ, ದಣಿದವರು ಕುಳಿತುಕೊಳ್ಳಬಹುದು ಎಂಬುದೂ ಒಂದು ಕಾರಣವೇ. ದಣಿವು ಆರಿದವನು ಎರಡನೆಯ ಸಲ ಒಳಗೆ ಹೋಗಿ ನೋಡುತ್ತಾನೆ.

ಇದಕ್ಕೆಲ್ಲ ಹಣವೆಲ್ಲಿ, ಅಂಗವಿಕಲರು ಬರುವುದೇ ಎಷ್ಟು ಮಂದಿ ಎಂಬ ಆಕ್ಷೇಪ ಬರುವುದು ಸಹಜ. ೨೦೧೧ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವೈಕಲ್ಯವುಳ್ಳವರು ಹದಿಮೂರು ಲಕ್ಷಕ್ಕೂ ಹೆಚ್ಚು. ಮಂಡಿನೋವಿನ ಮುದುಕರು, ಬಸುರಿಯರು, ಕಂಕುಳಲ್ಲಿ ಕೂಸಿರುವ ತಾಯಂದಿರು ಈ ಲೆಕ್ಕದಲ್ಲಿ ಸೇರಿಲ್ಲ. ಅವರು ಬರುತ್ತಿಲ್ಲವೆಂಬುದು ಸೌಲಭ್ಯ ಬೇಡವೆಂಬುದಕ್ಕೆ ಸಾಕ್ಷಿಯಾಗಲಾರದು. ಸೇತುವೆಯಿಲ್ಲದ ಹೊಳೆಯನ್ನು ಯಾರೂ ದಾಟುತ್ತಿಲ್ಲ, ಆದುದರಿಂದ ಸೇತುವೆ ಬೇಡ ಎಂದಂತಾಗುತ್ತದೆ. ಕಾನೂನೂ ಈಗ ಸ್ಪಷ್ಟವಾಗಿದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಬಳಸುವಂತೆ ಮಾಡಲು, ನಿಯಮಗಳು ಬಂದಂದಿನಿಂದ ಐದು ವರ್ಷ ಕಾಲಾವಕಾಶ ಕೊಟ್ಟಿತು. ಆ ಅವಧಿ ೨೦೨೨ರಲ್ಲಿಯೇ ಮುಗಿಯಿತು. ಇಂಥ ನಿಯಮಗಳು ಬರಿಯ ಸಲಹೆಯಾಗಿರಬಾರದು, ಕಡ್ಡಾಯವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೨೪ರ ನವೆಂಬರಿನಲ್ಲಿ ಹೇಳಿತು. ಇನ್ನು ಹಣದ ಮಾತು. ಮೊದಲೇ ಯೋಚಿಸಿ ಮಾಡಿದ ಇಳಿಜಾರಿಗೆ ಆಗುವ ವೆಚ್ಚ ಕಡಿಮೆ. ಕಟ್ಟಡ ಮುಗಿದ ಮೇಲೆ ಒಡೆದು ಸೇರಿಸುವುದಕ್ಕೆ ಆಗುವುದೇ ಹೆಚ್ಚು. ಕಾರಂಜಿಯನ್ನು ಕೈಬಿಟ್ಟರೆ ಶೌಚಾಲಯಕ್ಕೆ ಹಣ ಒದಗೀತು.

ಇಷ್ಟೆಲ್ಲ ಮಾಡಿದರೂ ಮೇಲಂತಸ್ತಿನಂಥ ಕೆಲವು ಮೂಲೆಗಳಿಗೆ ಎಲ್ಲರೂ ಹೋಗಲಾರರು, ಹೋಗಲೂಬಾರದು. ಚಿತ್ರಕಾರನ ಕೋಣೆಗೆ ಒಂದೇ ಸಲ ಐವತ್ತು ಜನ ನುಗ್ಗಿದರೆ ಉಸಿರಿನ ತೇವವೂ ಧೂಳೂ ಅಲ್ಲಿಯ ವಸ್ತುಗಳನ್ನು ಹಾಳುಮಾಡುತ್ತವೆ. ಇಲ್ಲಿ ಒಂದು ನ್ಯಾಯದ ಸೂತ್ರವನ್ನು ಪಾಲಿಸಬಹುದು. ಯಾವ ಕೋಣೆಗೆ ಗಾಲಿಕುರ್ಚಿ ಹೋಗಲಾರದೋ ಆ ಕೋಣೆಯನ್ನು ಹೊಸ್ತಿಲಾಚೆಯಿಂದಲೋ ಕೆಳಗಿನ ಪಡಸಾಲೆಯಲ್ಲಿ ಚಲಚ್ಚಿತ್ರದಿಂದಲೋ ಎಲ್ಲರಿಗೂ ಒಂದೇ ರೀತಿಯಲ್ಲಿ ತೋರಿಸುವುದು. ಮಂತ್ರಿಗೂ ಅಷ್ಟೇ, ಊರುಗೋಲಿನವನಿಗೂ ಅಷ್ಟೇ. ಹೀಗೆ ಮಾಡಿದರೆ ಮನೆಯೂ ಉಳಿಯುತ್ತದೆ, ಯಾರಿಗೂ ಅವಮಾನವಾಗುವುದಿಲ್ಲ.

ತಂದೆ ನಿಕೊಲಾಯ್ ರೋರಿಕರ ಹೆಸರಿನಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಿದೆ. ಯುದ್ಧಕಾಲದಲ್ಲಿಯೂ ಕಲೆ, ವಿದ್ಯೆ, ವಿಜ್ಞಾನಗಳ ನೆಲೆಗಳಿಗೆ ಹಾನಿಯಾಗಕೂಡದೆಂದು ಅಮೆರಿಕ ಖಂಡದ ರಾಷ್ಟ್ರಗಳು ೧೯೩೫ರ ಏಪ್ರಿಲ್ ೧೫ರಂದು ವಾಷಿಂಗ್ಟನ್ನಿನಲ್ಲಿ ಅದಕ್ಕೆ ಸಹಿ ಹಾಕಿದವು. ಕಲೆ ಎಲ್ಲರ ಸೊತ್ತೆಂಬ ನಂಬಿಕೆಯಿಂದ ಹುಟ್ಟಿದ ಮಾತದು. ಆ ಮನೆತನದ ಕೊನೆಯ ನೆಲೆ ನಮ್ಮ ಕನಕಪುರದ ದಾರಿಯಲ್ಲಿದೆ. ಅದನ್ನು ಕೈಬಿಡದೆ ಉಳಿಸಿಕೊಳ್ಳಲು ನಾಡು ನ್ಯಾಯಾಲಯದಲ್ಲಿ ವರ್ಷಾನುಗಟ್ಟಲೆ ಹೋರಾಡಿದೆ, ಅದಕ್ಕಾಗಿ ಕೃತಜ್ಞರಾಗಿರೋಣ. ಉಳಿದಿರುವುದು ಕಡಿಮೆ ಸದ್ದಿನ ಕೆಲಸ: ಒಂದು ತಂಗುದಾಣ, ಒಂದು ದಾಟುಗೆರೆ, ಒರಟು ಕಲ್ಲಿನ ಒಂದು ಇಳಿಜಾರು, ನೆರಳಿನಲ್ಲಿ ನಾಲ್ಕು ಬೆಂಚು, ಚೊಕ್ಕಟವಾದ ಶೌಚಾಲಯ, ಕನ್ನಡದಲ್ಲಿ ನಾಲ್ಕು ಮಾತು. ಮುಂದೆ ತಾತಗುಣಿಯ ಬಗ್ಗೆ ಯಾವ ನಕ್ಷೆ ಸಿದ್ಧವಾದರೂ ಅದನ್ನು ಒಪ್ಪುವ ಮೊದಲು ಅಧಿಕಾರಿಗಳು ಗಾಲಿಕುರ್ಚಿಯವರೊಬ್ಬರನ್ನೂ ಕಣ್ಣು ಕಾಣದವರೊಬ್ಬರನ್ನೂ ಹಳ್ಳಿಯ ಶಾಲೆಯ ಉಪಾಧ್ಯಾಯಿನಿಯೊಬ್ಬರನ್ನೂ ಕರೆದು ಅದನ್ನು ಅವರ ಮುಂದೆ ಹರಡಲಿ. ಅವರು ಸರಿಯೆಂದ ನಕ್ಷೆ ಉಳಿದವರಿಗೂ ಸರಿಹೋಗುತ್ತದೆ.